ನಿಶ್ಮಿತಾ ಹೇಳಿದ ಉತ್ತರ

ಯಂಕಪ್ಪ ಮೊದಲೇ ಹೇಳಿದ್ದ. ಅದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ, ಉಳಿದದ್ದು ಆಮೇಲೆ.

ಯಂಕಪ್ಪ ಡೊಂಬಿವಲಿಯ ನಮ್ಮ ಕನ್ನಡ ಮಾಧ್ಯಮ ಶಾಲೆಯ ಜವಾನ. ಗಂಟೆ ಹೊಡೆಯುವುದು, ಬೀಗ ತೆಗೆಯುವುದು, ವಿಜ್ಞಾನದ ಕಪಾಟಿನ ಗಾಜಿನ ಸಾಮಾನು ತೊಳೆದಿಡುವುದು, ಎಲ್ಲ ಅವನದೇ. ಬಿಜಾಪುರದ ಕಡೆಯವನು. ಶಾಲೆಗೆ ಸೇರುವ ಮೊದಲು ಹತ್ತಿರದ ಕಳವಾ ಎಂಬ ಊರಿನಲ್ಲಿ ಗೋಲಿ ಸೋಡಾ ತುಂಬುವ ಕೆಲಸ ಮಾಡಿದ್ದನಂತೆ. ಆ ಸೋಮವಾರ ಬೆಳಿಗ್ಗೆ ನಾನು ಕಪಾಟಿನಿಂದ ಕೋನಿಕಲ್ ಫ್ಲಾಸ್ಕ್ ತೆಗೆದು ಮೇಜಿನ ಮೇಲಿಟ್ಟಾಗ ಅವನು ಅದನ್ನು ಉಗುರಿನಿಂದ ಟಣ್ ಎಂದು ಬಡಿದು ನೋಡಿದ.

"ಅಕ್ಕಾರ, ಈ ಕಾಚು ಭಾಳ ತೆಳ್ಳಗ ಐತ್ರಿ. ಇದರಾಗ ಗ್ಯಾಸ್ ಕೂಡಿಹಾಕಬ್ಯಾಡ್ರಿ. ಸೋಡಾ ಬಾಟ್ಲಿ ಅಷ್ಟ್ ದಪ್ಪ ಇದ್ರೂ ನಾವು ಮಾರಿಗೆ ತಂತಿ ಜಾಳಗಿ ಕಟ್ಕೊಂಡ ತುಂಬ್ತಿದ್ವಿ."

"ಯಂಕಪ್ಪ, ಬಿ.ಎಸ್ಸಿ. ಮಾಡಿದ್ದು ನಾನೋ ನೀನೋ?" ಎಂದೆ.

"ನೀವ ರೀ" ಎಂದ. "ಹಾಗಾದ್ರೆ ಹೋಗಿ ಒಂದು ಕೊಡ ತಣ್ಣೀರು ತಕೊಂಡು ಬಾ" ಎಂದು ಕಳಿಸಿದೆ. ನಮ್ಮ ನಲ್ಲಿಯಲ್ಲಿ ನೀರು ನಿಂತಿತ್ತು, ಪಕ್ಕದ ಕಟ್ಟಡದಿಂದ ತರಬೇಕು, ಅವನು ಬರುವುದು ತಡವಾಗುತ್ತದೆ ಎಂದು ನನಗೆ ಗೊತ್ತಿತ್ತು. ಬೇಕೆಂದೇ ಕಳಿಸಿದ್ದು. ಬಾಗಿಲಲ್ಲಿ ನಿಂತು ಮುಖ ಹುಳ್ಳಗೆ ಮಾಡಿಕೊಂಡು ನೋಡುವವರು ನನಗೆ ಆಗುವುದಿಲ್ಲ.

ನನ್ನ ಹೆಸರು ಜಲಜಾಕ್ಷಿ. ಬ್ರಹ್ಮಾವರದ ಹತ್ತಿರದವಳು. ಇದು 2008ರ ಜನವರಿಯ ಮಾತು; ಮದುವೆಯಾಗಿ ಕಳವಾಕ್ಕೆ ಬಂದು ಆಗ ಎಂಟು ತಿಂಗಳು. ನಮ್ಮವರಿಗೆ ಅಲ್ಲಿನ ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸ. ದಿನಾ ಬೆಳಿಗ್ಗೆ ಲೋಕಲ್ ಹಿಡಿದು ಡೊಂಬಿವಲಿಗೆ ಹೋಗಿ, ಏಳನೆಯ ತರಗತಿಗೆ ವಿಜ್ಞಾನ ಕಲಿಸಿ, ಸಂಜೆ ಹಿಂದಿರುಗುತ್ತಿದ್ದೆ. ಮರಾಠಿ ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂದರೆ ಕಲಿಯುವ ಮನಸ್ಸೂ ಇರಲಿಲ್ಲ. ಕನ್ನಡ ಶಾಲೆಯ ಮಕ್ಕಳು ಕನ್ನಡದಲ್ಲಿ ಪಾಠ ಕೇಳಿ ಮರಾಠಿಯಲ್ಲಿ ಉತ್ತರ ಕೊಡುವುದು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಸೇರಿದ ಮೊದಲ ವಾರವೇ ನಿಯಮ ಮಾಡಿದೆ: ನನ್ನ ತರಗತಿಯಲ್ಲಿ ಕನ್ನಡ ಮಾತ್ರ. ಬೇರೆ ಮಾತು ಬಾಯಿಂದ ಬಂತೋ, ಬೋರ್ಡಿನ ಮೂಲೆಯಲ್ಲಿ ಹೆಸರು.

ಆ ಮೂಲೆಯಲ್ಲಿ ಎಲ್ಲರಿಗಿಂತ ಹೆಚ್ಚು ದಿನ ಕೂತ ಹೆಸರು ನಿಶ್ಮಿತಾಳದು. ಹನ್ನೆರಡು ವರ್ಷ, ತೀರಾ ಗಿಡ್ಡ, ಸಣಕಲು. ತಂದೆ ತಾರಾನಾಥರು ಘೋಡಬಂದರ್ ರಸ್ತೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ತಾಯಿ ವಿನೋದಾ ಎರಡನೆಯ ಹೆರಿಗೆಗೆಂದು ಕಾರ್ಕಳಕ್ಕೆ ಹೋಗಿದ್ದರು, ಎಂಟು ತುಂಬಿತ್ತು. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಆಡುವಾಗ ಮರಾಠಿ, ಕನ್ನಡ ಎಂದರೆ ಶಾಲೆಯ ನಾಲ್ಕು ಗೋಡೆಯ ಒಳಗೆ ಮಾತ್ರ. ಹಾಗಾಗಿ ಮಾತಾಡುವ ಮೊದಲು ಕನ್ನಡ ಹುಡುಕುತ್ತಿದ್ದಳು, ಹುಡುಕುವುದರೊಳಗೆ ಮರಾಠಿ ಜಾರಿ ಬೀಳುತ್ತಿತ್ತು. ಆದರೆ ಮರ್ಯಾದೆ ಎಂದರೆ ಮರ್ಯಾದೆ. ಯಂಕಪ್ಪನಿಗೂ ಬಹುವಚನ, ಕಸ ಗುಡಿಸಲು ಬರುವ ಹೆಂಗಸಿಗೂ ಬಹುವಚನ.

ಅವಳನ್ನೇ ನಾನು ಮುಂದಕ್ಕೆ ಕರೆದೆ. ಧೈರ್ಯ ಬರಲಿ ಎಂದು. ದೇವರಾಣೆಗೂ ಅಷ್ಟೇ ನನ್ನ ಮನಸ್ಸಿನಲ್ಲಿದ್ದುದು.

ಅವತ್ತಿನ ಪಾಠ, ಅನಿಲಗಳು ನೀರಿನಲ್ಲಿ ಕರಗುವುದು. ಒತ್ತಡ ಹೆಚ್ಚಾದಷ್ಟೂ ಹೆಚ್ಚು ಕರಗುತ್ತದೆ, ಒತ್ತಡ ತೆಗೆದ ಕೂಡಲೇ ಗುಳ್ಳೆಯಾಗಿ ಹೊರಗೆ ಬರುತ್ತದೆ. ಗೋಲಿ ಸೋಡಾ ಕುಡಿದ ಮಕ್ಕಳಿಗೆ ಇದನ್ನು ಬಾಯಲ್ಲಿ ಹೇಳಿದರೂ ಸಾಕಿತ್ತು. ನನಗೆ ಸಾಲಲಿಲ್ಲ, ಮಾಡಿ ತೋರಿಸಬೇಕು. ಫ್ಲಾಸ್ಕಿನಲ್ಲಿ ಮುಕ್ಕಾಲು ತಣ್ಣೀರು (ಯಂಕಪ್ಪನಿಗೆ ಕಾಯದೆ ನನ್ನ ಕುಡಿಯುವ ಬಾಟಲಿಯದನ್ನೇ ಸುರಿದೆ), ಅದಕ್ಕೆ ನಿಂಬೆಹುಳಿ ಪುಡಿ. ಅಡಿಗೆ ಸೋಡಾವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಒಳಗೆ ಹಾಕಿ ರಬ್ಬರ್ ಬಿರಡೆ ಒತ್ತಿ ಹಿಡಿದುಕೊಳ್ಳುವುದು. ಹುಟ್ಟಿದ ಅನಿಲಕ್ಕೆ ಹೋಗಲು ದಾರಿಯಿಲ್ಲದೆ ನೀರಿನಲ್ಲಿ ಕರಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬಿರಡೆ ತೆಗೆದರೆ ನೀರೆಲ್ಲ ನೊರೆ. ಕಾಲೇಜಿನಲ್ಲಿ ನಾವು ಇದನ್ನು ಮಾಡಿದ್ದು ಪ್ಲಾಸ್ಟಿಕ್ ಬಾಟಲಿಯಲ್ಲಿ. ನೆನಪಿತ್ತು. ಗಾಜಿನಲ್ಲಾದರೆ ಹಿಂದಿನ ಬೆಂಚಿಗೂ ಗುಳ್ಳೆ ಕಾಣುತ್ತದೆ ಎಂದುಕೊಂಡೆ.

ಮೊದಲ ಸಲ ಸರಿಯಾಗಲಿಲ್ಲ. ಸೋಡಾ ಕಡಿಮೆಯಾಗಿ, ಬಿರಡೆ ತೆಗೆದಾಗ ನಾಲ್ಕು ಗುಳ್ಳೆ ಬಂದು ಸುಮ್ಮನಾಯಿತು. ಹಿಂದಿನ ಬೆಂಚಿನಿಂದ ಕೌಶಲ್ "ಟೀಚರ್, ಸೋಡಾ ಮಲಗಿದೆ" ಎಂದ. ಇಡೀ ತರಗತಿ ನಕ್ಕಿತು. ನನಗೆ ಸಿಟ್ಟು ಬಂತು. ಎರಡನೆಯ ಪೊಟ್ಟಣಕ್ಕೆ ಅಳತೆ ಮಾಡಲಿಲ್ಲ, ಡಬ್ಬಿಯಿಂದಲೇ ಸುರಿದೆ.

"ಬಾ ನಿಶ್ಮಿತಾ. ಎರಡೂ ಕೈಯಲ್ಲಿ ಬಿರಡೆ ಒತ್ತಿ ಹಿಡಿ. ಹೆದರಬೇಡ, ಮೇಲೆ ನನ್ನ ಕೈ ಉಂಟು."

ಪೊಟ್ಟಣ ಹಾಕಿ ಬಿರಡೆ ಒತ್ತಿದೆ, ಅವಳ ಎರಡು ಕೈ ಅದರ ಮೇಲಿಟ್ಟೆ, ಅವಳ ಕೈಯ ಮೇಲೆ ನನ್ನ ಕೈ. ನನ್ನ ಭಾರವೆಲ್ಲ ಅದರ ಮೇಲಿತ್ತು. ಮೇಜು ಎತ್ತರ, ಅವಳು ಗಿಡ್ಡ. ಅವಳ ಮುಖ ಸರಿಯಾಗಿ ಫ್ಲಾಸ್ಕಿನ ಎದುರಿಗೆ. ಇದು ನನಗೆ ಕಂಡಿತ್ತು. ಒಳ್ಳೆಯದೇ ಆಯಿತು, ಹತ್ತಿರದಿಂದ ನೋಡಲಿ ಎಂದುಕೊಂಡೆ.

ಕಾಗದ ಬಿಚ್ಚಿತು, ನೀರು ಬೆಳ್ಳಗಾಯಿತು. ಕೆಳಗಿನಿಂದ ಬಿರಡೆ ನೂಕತೊಡಗಿತು. ನಾನು ಇನ್ನೂ ಬಲವಾಗಿ ಒತ್ತಿ ತರಗತಿಯ ಕಡೆ ತಿರುಗಿದೆ. ಪ್ರಶ್ನೆ ಕೇಳುವುದು, ಇಡೀ ತರಗತಿ ಒಟ್ಟಿಗೆ ಉತ್ತರ ಕೂಗುವುದು, ಇದು ನನ್ನ ಕಲಿಸುವ ರೀತಿ.

"ಒಳಗೆ ಹಾಕಿದ್ದು ಎಂತ?"

"ಸೋಡಾ!"

"ಗಾಳಿ ಒತ್ತಡಕ್ಕೆ ನೀರಲ್ಲಿ ಕರಗಿದರೆ ಆ ನೀರಿಗೆ ಎಂತ ಹೇಳ್ತಾರೆ?"

"ಸೋಡಾ!"

ನಿಶ್ಮಿತಾಳೂ ಹೇಳಿದಳು, ಸಣ್ಣ ಸ್ವರದಲ್ಲಿ, "ಸೋಡಾ, ಟೀಚರ್."

ನನಗೆ ಎಷ್ಟು ಸಂತೋಷವಾಯಿತು ಎಂದರೆ! ಎಂಟು ತಿಂಗಳಲ್ಲಿ ಈ ಹುಡುಗಿ ತಾನಾಗಿ ಬಾಯಿಬಿಟ್ಟು ಉತ್ತರ ಹೇಳಿದ್ದು ಅದೇ ಮೊದಲು. "ಶಾಭಾಸ್! ಕೇಳಿಸ್ತಾ ಎಲ್ಲರಿಗೂ? ಇನ್ನೂ ಜೋರಾಗಿ ಹೇಳು!"

"ಸೋಡಾ! ಸೋಡಾ ನಾ ಟೀಚರ್!"

"ಹಾಗೆ! ಇನ್ನೊಮ್ಮೆ!"

"ಸೋಡಾ! ಸೋಡಾ!"

ಅವಳು ಕೈ ಎಳೆದುಕೊಳ್ಳಲು ನೋಡಿದಳು. ಬಿರಡೆ ಜಾರೀತು ಎಂದು ನಾನು ಗಟ್ಟಿಯಾಗಿ ಹಿಡಿದೆ. ಕೆಲವು ಮಕ್ಕಳು ನಗುತ್ತಿದ್ದರು, ಮುಂದಿನ ಬೆಂಚಿನ ಮಾನಸಿ ಎದ್ದು ನಿಂತಿದ್ದಳು. ಯಾಕೆ ಎದ್ದೆ, ಕೂತುಕೋ ಎಂದು ಅವಳನ್ನು ಗದರಿದೆ. ಅಷ್ಟರಲ್ಲಿ ಫ್ಲಾಸ್ಕ್ ಸಿಡಿಯಿತು.

ಸದ್ದು ದೊಡ್ಡದೇನೂ ಅಲ್ಲ, ಟ್ಯೂಬ್‌ಲೈಟ್ ಬಿದ್ದು ಒಡೆದ ಹಾಗೆ. ಮೇಜಿನಿಂದ ನೊರೆ ನೀರು ಸೊಸೊಸೊ ಎಂದು ನೆಲಕ್ಕೆ ಇಳಿಯುತ್ತಿತ್ತು. ನನ್ನ ಅಂಗೈ ಹರಿದಿತ್ತು, ಅದು ಆಗ ತಿಳಿಯಲಿಲ್ಲ. ನಿಶ್ಮಿತಾ ಎರಡೂ ಕೈಯಿಂದ ಬಲಗಣ್ಣು ಮುಚ್ಚಿಕೊಂಡು ನಿಂತಿದ್ದಳು. ಅಳಲಿಲ್ಲ. ಬೆರಳ ಸಂದಿನಿಂದ ನೀರು ಇಳಿಯುತ್ತಿದೆ ಎಂದುಕೊಂಡೆ. ಅದು ಕೆಂಪಾಗಿತ್ತು.

ಆಮೇಲಿನದು ತುಂಡುತುಂಡಾಗಿ ನೆನಪಿದೆ. ಕೊಡ ಹಿಡಿದು ಬಾಗಿಲಿಗೆ ಬಂದ ಯಂಕಪ್ಪ ಕೊಡವನ್ನು ಅಲ್ಲೇ ಬಿಟ್ಟು ಓಡಿಬಂದದ್ದು. "ಕಣ್ಣ ತಿಕ್ಕಬ್ಯಾಡವ್ವ, ಕೈ ತೆಗಿಬ್ಯಾಡ, ಹಂಗ ಇರಲಿ" ಎಂದು ಅವಳನ್ನು ಎತ್ತಿಕೊಂಡದ್ದು. ಹೆಡ್‌ಮಾಸ್ತರ್ ಪುಂಡರೀಕಾಕ್ಷರು ಮೆಟ್ಟಿಲಲ್ಲಿ ನಿಂತು "ಅಯ್ಯೋ ದೇವರೇ, ಅಯ್ಯೋ ದೇವರೇ" ಎನ್ನುತ್ತಿದ್ದುದು. ರಿಕ್ಷಾದಲ್ಲಿ ಅವಳ ತಲೆ ನನ್ನ ತೊಡೆಯ ಮೇಲೆ. ದಾರಿಯಲ್ಲಿ ಅವಳು ಒಂದೇ ಮಾತು ಆಡಿದಳು.

"ಸಾರಿ ಟೀಚರ್. ಮರಾಠಿ ಮಾತಾಡಿದೆ."

ಯಾವಾಗ ಮಾತಾಡಿದೆ ಮಗೂ ಎಂದು ಕೇಳಲಿಲ್ಲ. ನೋವಿಗೆ ಏನೋ ಬಡಬಡಿಸುತ್ತಿದ್ದಾಳೆ ಎಂದುಕೊಂಡೆ.

ಡೊಂಬಿವಲಿಯ ಡಾಕ್ಟರು ಅವಳ ಕೈ ಸರಿಸಿ ನೋಡಿ, ಪಟ್ಟಿ ಕಟ್ಟಿ, ಠಾಣೆ ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಬರೆದುಕೊಟ್ಟರು. ನನ್ನ ಅಂಗೈಗೆ ಮೂರು ಹೊಲಿಗೆ ಹಾಕಿದರು. ಠಾಣೆಯಲ್ಲಿ ತಾರಾನಾಥರು ನಮಗಿಂತ ಮೊದಲೇ ಬಂದು ಗೇಟಿನಲ್ಲಿ ನಿಂತಿದ್ದರು. ಹೋಟೆಲಿನ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಮಗಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಡಾಕ್ಟರು ಹೊರಗೆ ಬಂದು ಹಿಂದಿಯಲ್ಲಿ ಹೇಳಿದರು: ಕಪ್ಪುಗುಡ್ಡೆಯ ಮೇಲೆ ಗಾಜು ಕೊಯ್ದಿದೆ, ಸಂಜೆ ಹೊಲಿಗೆ ಹಾಕುತ್ತೇವೆ, ಒಳಗೆ ರಕ್ತ ತುಂಬಿದೆ. ಅದು ಇಳಿದ ಮೇಲೆ, ಗುರುವಾರ ಪಟ್ಟಿ ಬಿಚ್ಚಿದಾಗಲೇ ಆ ಕಣ್ಣು ಕಾಣುತ್ತದೋ ಇಲ್ಲವೋ ಹೇಳಬಹುದು.

ತಾರಾನಾಥರು ಗೋಡೆಗೆ ಒರಗಿದರು. "ವಿನೋದಳಿಗೆ ಹೇಳುದು ಬೇಡ" ಎಂದರು, ಯಾರಿಗೂ ಅಲ್ಲ, ತನಗೇ. "ಈ ಸ್ಥಿತಿಯಲ್ಲಿ ಅವಳಿಗೆ ಹೇಳುದು ಬೇಡ." ಆಮೇಲೆ ನನ್ನ ಕಡೆ ನೋಡಿದರು. "ಎಂತಾಯ್ತು ಟೀಚರ್?"

ನಾನು ಹೆದರಿದ್ದೆ. ನನಗೆ ಹೆದರಿಕೆಯಾದರೆ ಬಾಯಿ ನಿಲ್ಲುವುದಿಲ್ಲ. ಪ್ರಯೋಗ ಹೇಳಿದೆ, ಫ್ಲಾಸ್ಕು ಹಳೆಯದು ಎಂದೆ, ನನ್ನ ಕೈಯೂ ಹರಿದಿದೆ ಎಂದು ತೋರಿಸಿದೆ. ನಾಚಿಕೆಗೇಡು. ಕೊನೆಗೆ, ಅವರಿಗೆ ಸಮಾಧಾನವಾಗಲಿ ಎಂದು ಹೇಳಿದೆ: "ಅವಳು ಸ್ವಲ್ಪವೂ ಹೆದರಿರಲಿಲ್ಲ ತಾರಾನಾಥರೇ. ಎಷ್ಟು ಚೆಂದ ಉತ್ತರ ಕೊಡ್ತಾ ಇದ್ದಳು ಗೊತ್ತುಂಟಾ? ಕೊನೆಯವರೆಗೂ ಸೋಡಾ, ಸೋಡಾ ಅಂತ ಜೋರಾಗಿ ಹೇಳ್ತಾ ಇದ್ದಳು. ಇನ್ನೊಮ್ಮೆ ಹೇಳು ಅಂದರೆ ಇನ್ನೊಮ್ಮೆ ಹೇಳ್ತಿದ್ದಳು."

ತಾರಾನಾಥರು ನನ್ನನ್ನು ನೋಡಿದರು. ಆಮೇಲೆ ಮುಖ ತಿರುಗಿಸಿ ನೀರಿನ ಮಡಕೆಯ ಹತ್ತಿರ ಹೋಗಿ ಲೋಟ ಹಿಡಿದು ನಿಂತರು. ನೀರು ಹಿಡಿಯಲಿಲ್ಲ, ಬರೀ ಲೋಟ ಹಿಡಿದು ನಿಂತರು. ಮಗಳ ದುಃಖ ಎಂದುಕೊಂಡೆ.

ಸೋಮವಾರದ ರಾತ್ರಿ ನಿದ್ದೆ ಬರಲಿಲ್ಲ. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ನಿಶ್ಮಿತಾ ಮಲಗಿದ್ದಳು, ಅರ್ಧ ಮುಖ ಪಟ್ಟಿಯೊಳಗೆ. ಹೊಲಿಗೆ ಹಾಕಿದ್ದು ಸರಿಯಾಗಿದೆ ಎಂದರು. ಕಾಣುತ್ತದೋ ಎಂದರೆ, ಗುರುವಾರ. ಯಾರನ್ನು ಕೇಳಿದರೂ ಗುರುವಾರ. ನನ್ನ ಹೆಸರಿನಲ್ಲೇ ಕಣ್ಣಿದೆ, ಹೆಡ್‌ಮಾಸ್ತರ್ ಹೆಸರಿನಲ್ಲೂ ಇದೆ. ಇಡೀ ಶಾಲೆಯಲ್ಲಿ ಕಣ್ಣಿಟ್ಟು ನೋಡಿದವನು ಮಾತ್ರ ಯಂಕಪ್ಪ. ಅವಳು ಮಲಗಿದ್ದಷ್ಟು ಹೊತ್ತು ನಾನು ನನ್ನ ಬಲಗಣ್ಣನ್ನು ಕೈಯಿಂದ ಮುಚ್ಚಿಕೊಂಡು ಒಂದೇ ಕಣ್ಣಿನಿಂದ ಮಂಚ, ಕಿಟಕಿ, ಸಲಾಯಿನ್ ಬಾಟಲಿ ನೋಡಿದೆ. ಇನ್ನು ಜೀವಮಾನವಿಡೀ ಹೀಗೆಯೋ ಈ ಮಗುವಿಗೆ ಎಂದುಕೊಂಡೆ.

ಬುಧವಾರ ಪುಂಡರೀಕಾಕ್ಷರು ಶಾಲೆಗೆ ಕರೆಸಿದರು. ನಡೆದದ್ದನ್ನು ಬರೆದುಕೊಡಿ ಎಂದರು. ಬರೆದೆ. "ವಿದ್ಯಾರ್ಥಿನಿಯಲ್ಲಿ ಭಯದ ಯಾವ ಲಕ್ಷಣವೂ ಕಾಣಿಸಲಿಲ್ಲ. ಆಕೆ ಕೊನೆಯ ಕ್ಷಣದವರೆಗೂ 'ಸೋಡಾ, ಸೋಡಾ' ಎಂದು ಸರಿಯಾದ ಉತ್ತರವನ್ನು ಹೇಳುತ್ತಲೇ ಇದ್ದಳು." ಮಾಸ್ತರು ಅದನ್ನು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಅವರು ಈ ಊರಿಗೆ ಬಂದು ಮೂವತ್ತು ವರ್ಷ.

"ಸೋಡಾ ಅಂದಳೋ?" ಎಂದು ಕೇಳಿದರು.

"ಹೌದು ಸರ್. ನಾನೇ ಕೇಳಿದ್ದೇನೆ."

"ಸರಿ. ಇದು ಹೀಗೇ ಇರಲಿ. ಇದರ ಬಗ್ಗೆ ಯಾರ ಹತ್ತಿರವೂ ಜಾಸ್ತಿ ಮಾತಾಡಬೇಡಿ" ಎಂದು ಕಾಗದವನ್ನು ಮಡಚಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಬೀಗ ಯಾಕೆ ಎಂದು ನನಗೆ ಹೊಳೆಯಲಿಲ್ಲ. ಹೊರಗೆ ಬರುವಾಗ ವರಾಂಡದಲ್ಲಿ ಯಂಕಪ್ಪ ಬಾಗಿ ಇನ್ನೂ ಗಾಜಿನ ಚೂರು ಹೆಕ್ಕುತ್ತಿದ್ದ. ಎರಡು ದಿನ ಗುಡಿಸಿದರೂ ಸಿಗುತ್ತಲೇ ಇದ್ದವಂತೆ. "ಯಂಕಪ್ಪ" ಎಂದೆ. "ನಾ ಏನೂ ಅನ್ನೂದಿಲ್ರಿ ಅಕ್ಕಾರ" ಎಂದ. ಬೈದಿದ್ದರೆ ಹಗುರಾಗುತ್ತಿತ್ತು.

ಸಂಜೆಯ ಲೋಕಲಿನಲ್ಲಿ ಹೆಂಗಸರ ಡಬ್ಬಿ ತುಂಬಿ ತುಳುಕುತ್ತಿತ್ತು. ನನಗೆ ಕೂರಲು ಜಾಗವಿರಲಿಲ್ಲ, ಹಿಡಿಯಲು ಸರಳೂ ಸಿಗಲಿಲ್ಲ. ಹೊಲಿಗೆ ಹಾಕಿದ ಬಲಗೈ ಎತ್ತಿಕೊಂಡು, ಎಡಗೈಗೆ ಸಿಕ್ಕಿದ್ದನ್ನು ಹಿಡಿದು ನಿಂತಿದ್ದೆ. ಮುಂಬ್ರಾ ಬಂತು. ಇಳಿಯುವವರು ನೂಕಿದರು, ಹತ್ತುವವರು ನೂಕಿದರು. ಬೀಳುತ್ತೇನೆ ಎಂದು ನಾನು ಇನ್ನೂ ಬಿಗಿಯಾಗಿ ಹಿಡಿದೆ. ಆಗ ಮುಂದಿದ್ದ ಹೆಂಗಸು ತಿರುಗಿ ನನ್ನ ಮುಖಕ್ಕೇ ಚೀರಿದಳು.

"ಸೋಡಾ! ಓ ತಾಈ, ಸೋಡಾ ನಾ! ಸೋಡಾ!"

ಅದೇ ಸ್ವರ. ಅದೇ "ನಾ". ಈ ರೈಲಿನಲ್ಲಿ, ಈ ಹೆಂಗಸಿನ ಬಾಯಲ್ಲಿ, ಸೋಡಾ ಯಾಕೆ? ನನ್ನ ವಿಷಯ ಇವಳಿಗೆ ಹೇಗೆ ಗೊತ್ತಾಯಿತು ಎಂದು ಕೂಡ ಒಂದು ಕ್ಷಣ ಹೆದರಿದೆ. ಅವಳು ನನ್ನ ಕೈ ಬಡಿದಳು, ಮತ್ತೆ ಕೂಗಿದಳು, ಅವಳ ಕಣ್ಣಲ್ಲಿ ನೀರು ಬಂದಿತ್ತು. ಪಕ್ಕದಲ್ಲಿ ತರಕಾರಿ ಚೀಲ ಹಿಡಿದ ಒಬ್ಬಳು ನನಗೆ ಹಿಂದಿಯಲ್ಲಿ ಬೈದಳು: "ಅರೇ ಛೋಡೋ ನಾ! ಉಸ್ಕಾ ಬ್ಯಾಗ್ ಛೋಡೋ! ಉತರ್‌ನಾ ಹೈ ಉಸ್ಕೋ, ಸಮಝ್‌ತಾ ನಹೀಂ ಕ್ಯಾ?"

ನೋಡಿದರೆ ನನ್ನ ಎಡಗೈ ಆ ಹೆಂಗಸಿನ ಚೀಲದ ಪಟ್ಟಿ ಹಿಡಿದಿತ್ತು. ಬಿಟ್ಟೆ. ಅವಳು ಇಳಿದುಹೋದಳು. ರೈಲು ಹೊರಟಿತು.

"ಸೋಡಾ ಅಂದ್ರೆ?" ಎಂದು ಆ ತರಕಾರಿಯವಳನ್ನು ಕೇಳಿದೆ, ನನ್ನ ಹರಕುಮುರುಕು ಹಿಂದಿಯಲ್ಲಿ.

"ಮರಾಠಿ ಹೈ. ಛೋಡೋ. ಛೋಡ್ ದೀಜಿಯೇ."

ಬಿಡಿ. ಬಿಟ್ಟುಬಿಡಿ.

ಆ ಗದ್ದಲದಲ್ಲಿ ನಾನು ಎಲ್ಲಿ ಇದ್ದೇನೆ ಎಂಬುದೇ ತಿಳಿಯಲಿಲ್ಲ. ಬಿಡಿ ಟೀಚರ್. ಬಿಡಿ ನಾ ಟೀಚರ್. ಬಿಡಿ, ಬಿಡಿ. ನಾನು ಶಾಭಾಸ್ ಎಂದಿದ್ದೆ. ಇನ್ನೂ ಜೋರಾಗಿ ಹೇಳು ಎಂದಿದ್ದೆ. ಅವಳು ಇನ್ನೂ ಜೋರಾಗಿ ಬೇಡಿಕೊಂಡಿದ್ದಳು, ನಾನು ಇನ್ನೂ ಗಟ್ಟಿಯಾಗಿ ಹಿಡಿದಿದ್ದೆ. ತುಳುವಿನಲ್ಲಿ "ಬುಡ್ಲೆ" ಎಂದಿದ್ದರೆ ನನಗೆ ತಿಳಿಯುತ್ತಿತ್ತು. ನಾನು ಆ ಕಡೆಯವಳೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ; ತರಗತಿಯಲ್ಲಿ ತುಳುವಿಗೂ ಬೋರ್ಡಿನ ಮೂಲೆಯೇ. ಗೆಳತಿಯರಿಗೆ ಹೇಳುವ ಹಾಗೆ ಏಕವಚನದಲ್ಲಿ "ಸೋಡ್" ಎಂದು ಕೂಗಿದ್ದರೂ, ಇದೇನಪ್ಪಾ ಎಂದು ನಾನು ಒಮ್ಮೆ ತಿರುಗಿ ಅವಳ ಮುಖ ನೋಡುತ್ತಿದ್ದೆನೋ ಏನೋ. ಕಣ್ಣೆದುರಿಗೆ ಗಾಜು ನಡುಗುತ್ತಿದ್ದಾಗಲೂ ಆ ಮಗು ಟೀಚರಿಗೆ ಏಕವಚನ ಆಡಲಿಲ್ಲ. ನನಗೆ ಕೊಟ್ಟ ಮರ್ಯಾದೆಯಿಂದಲೇ ಅದು ಸೋಡಾ ಆಯಿತು.

ಕಳವಾದಲ್ಲಿ ಇಳಿದೆನಂತೆ, ಮನೆಗೆ ಬಂದೆನಂತೆ. ನಮ್ಮವರು ಬಾಗಿಲು ತೆರೆದಾಗ "ಅವಳು ಬಿಡಿ ಅಂದದ್ದು, ಬಿಡಿ ಅಂದದ್ದು" ಎಂದು ಹೇಳುತ್ತಾ ಹೊಸ್ತಿಲಲ್ಲೇ ಕೂತೆನಂತೆ. ಅವರು ಆಮೇಲೆ ಹೇಳಿದ್ದು.

ಗುರುವಾರ ಬೆಳಿಗ್ಗೆ ಆಸ್ಪತ್ರೆಗೆ ಹೋಗುವುದೋ ಬೇಡವೋ ಎಂದು ಠಾಣೆ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತೆ. ನಿಜ ಹೇಳುತ್ತೇನೆ, ಊರಿನ ರೈಲು ಹತ್ತಿ ಹೋಗಿಬಿಡೋಣ ಎನ್ನಿಸಿತು. ತಾರಾನಾಥರಿಗೆ ಗೊತ್ತು. ಇಪ್ಪತ್ತು ವರ್ಷ ಹೋಟೆಲಿನಲ್ಲಿ ಮರಾಠಿ ಆಡಿದ ಮನುಷ್ಯ, ನಾನು ಸೋಡಾ ಸೋಡಾ ಎಂದು ಹೊಗಳಿದ ಆ ಕ್ಷಣವೇ ಅವರಿಗೆ ಗೊತ್ತಾಗಿದೆ. ಅವರ ಎದುರಿಗೆ ಹೋಗಿ ನಿಲ್ಲುವುದಕ್ಕಿಂತ ಸೇತುವೆಯಿಂದ ಕೆಳಗೆ ನೋಡುವುದು ಸುಲಭ ಎನ್ನಿಸಿತು. ಆದರೆ ಹತ್ತೂವರೆಗೆ ಪಟ್ಟಿ ಬಿಚ್ಚುತ್ತಾರೆ ಎಂದಿದ್ದರು. ಕಾಲು ತಾನಾಗಿ ನಡೆಯಿತು.

ತಾರಾನಾಥರು ವಾರ್ಡಿನ ಹೊರಗೆ ಬೆಂಚಿನ ಮೇಲಿದ್ದರು. ಗಡ್ಡ ಬೆಳೆದಿತ್ತು. ಎದುರಿಗೆ ನಿಂತು ಹೇಳಿದೆ.

"ಅವಳು ಎಂತ ಹೇಳಿದ್ದು ಅಂತ ನಂಗೆ ನಿನ್ನೆ ಗೊತ್ತಾಯ್ತು."

ಅವರು ತಲೆ ಎತ್ತಲಿಲ್ಲ. "ನನಗೆ ಸೋಮವಾರವೇ ಗೊತ್ತಾಯ್ತು ಟೀಚರ್."

"ಯಾಕೆ ಹೇಳಲಿಲ್ಲ? ನನಗೆ ಬೈಬೇಕಿತ್ತು. ಹೊಡೆಯಬೇಕಿತ್ತು."

"ಹೊಡೆಯುವಷ್ಟು ಸಿಟ್ಟು ಬಂದಿತ್ತು. ಸುಳ್ಳು ಯಾಕೆ ಹೇಳುದು." ಅವರು ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. "ನಿಮ್ಮನ್ನು ಗೇಟಿನಿಂದ ಹೊರಗೆ ಹಾಕುವ ಅಂತ ಇದ್ದೆ. ಒಳಗೆ ಹೋದರೆ ಇವಳು, ಟೀಚರ್ ಕೈಗೆ ರಕ್ತ ಬರ್ತಿತ್ತು ಪಪ್ಪಾ, ಔಷಧಿ ಹಾಕಿದ್ರಾ ಅಂತ ಕೇಳ್ತಾಳೆ. ಎಂತ ಮಾಡುದು ಹೇಳಿ. ಅವಳಮ್ಮ ಇಲ್ಲ, ಹತ್ತಿರ ಒಂದು ಹೆಂಗಸಿನ ಮುಖ ಬೇಕು ಅವಳಿಗೆ. ನಾನು ಅಂದರೆ ಪಟ್ಟಿ ಬಿಚ್ಚುವುದನ್ನು ನೋಡ್ಲಿಕ್ಕೂ ಧೈರ್ಯ ಇಲ್ಲದವ."

"ನಾನು ಬರೆದುಕೊಟ್ಟದ್ದನ್ನು ವಾಪಸ್ ತಕೊಳ್ತೇನೆ. ಬೇರೆ ಬರೆಯುತ್ತೇನೆ. ಕೆಲಸ ಹೋದರೆ ಹೋಗಲಿ."

"ಅದೆಲ್ಲ ಆಮೇಲೆ. ಈಗ ಒಳಗೆ ಹೋಗಿ. ಕರೀತಾ ಇದ್ದಾಳೆ."

ಒಳಗೆ ಡಾಕ್ಟರು, ಒಬ್ಬಳು ನರ್ಸು. ನಿಶ್ಮಿತಾಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ನನ್ನನ್ನು ಕಂಡು ಕೈ ಚಾಚಿದಳು. ಆ ಕೈ ಹಿಡಿಯಲು ನನಗೆ ಭಯವಾಯಿತು. ಅದೇ ಕೈ, ಅದೇ ನನ್ನ ಕೈ. ಅವಳೇ ಮುಂದೆ ಬಾಗಿ ನನ್ನ ಎಡಗೈಯ ಬೆರಳು ಹಿಡಿದುಕೊಂಡಳು.

ನರ್ಸು ಟ್ರೇ ತಂದಳು. ನಾನು ನಡುವೆ ನಿಂತದ್ದು ಅವಳಿಗೆ ಅಡ್ಡಿಯಾಯಿತು.

"ಮ್ಯಾಡಮ್, ಹಾತ್ ಸೋಡಾ" ಎಂದಳು. "ಬಾಜೂಲಾ ವ್ಹಾ."

ಈ ಸಲ ತಿಳಿಯಿತು. ಕೈ ಬಿಡಿ, ಪಕ್ಕಕ್ಕೆ ಸರಿಯಿರಿ. ನಾನು ಬೆಂಕಿ ಮುಟ್ಟಿದವಳ ಹಾಗೆ ಕೈ ಬಿಡಲು ಹೋದೆ. ನಿಶ್ಮಿತಾಳ ಬೆರಳು ನನ್ನ ಬೆರಳನ್ನು ಇನ್ನೂ ಬಿಗಿದವು.

"ಟೀಚರ್," ಎಂದಳು. "ಸೋಡೂ ನಕಾ."

ಮೊದಲ ಶಬ್ದ ನಿನ್ನೆ ಕಲಿತದ್ದು. ಎರಡನೆಯದನ್ನು ಯಾರೂ ಕಲಿಸಬೇಕಾಗಲಿಲ್ಲ. ಈ ಊರಿನಲ್ಲಿ ಬೇಡ ಎನ್ನುವುದಕ್ಕೆ ನಕಾ ಎನ್ನುತ್ತಾರೆ, ಅಷ್ಟು ಎಂಟು ತಿಂಗಳಲ್ಲಿ ನನ್ನಂಥವಳ ಕಿವಿಗೂ ಬಿದ್ದಿತ್ತು. ಕೂಡಲೇ ಅವಳು ತಡವರಿಸಿ ತಿದ್ದಿಕೊಂಡಳು. "ಸಾರಿ ಟೀಚರ್. ಬಿಡಬೇಡಿ."

"ಸಾರಿ ಹೇಳಬೇಡ ಮಗಾ," ಎಂದೆ. "ಯಾವ ಭಾಷೆಯಲ್ಲಾದರೂ ಹೇಳು. ನಂಗೆ ಗೊತ್ತಾಗ್ತದೆ."

ನರ್ಸಿನ ಕಡೆ ತಿರುಗಿ ತಲೆ ಅಲ್ಲಾಡಿಸಿದೆ. ಅವಳು ಏನೋ ಗೊಣಗಿ ಇನ್ನೊಂದು ಬದಿಯಿಂದ ಬಂದಳು. ಡಾಕ್ಟರು ಪಟ್ಟಿ ಬಿಚ್ಚಿದರು, ಹತ್ತಿ ತೆಗೆದರು, ನೀರಿನಿಂದ ಒರೆಸಿದರು. ರೆಪ್ಪೆ ಊದಿತ್ತು. ತನ್ನ ಅಂಗೈಯಿಂದ ಅವಳ ಎಡಗಣ್ಣನ್ನು ಪೂರ್ತಿ ಮುಚ್ಚಿ, "ಈಗ ನಿಧಾನವಾಗಿ ತೆಗಿ" ಎಂದು ಹಿಂದಿಯಲ್ಲಿ ಹೇಳಿದರು. ಕಣ್ಣು ಸೀಳಿನಷ್ಟು ತೆರೆಯಿತು, ಒಳಗೆಲ್ಲ ಕೆಂಪು. ಅವರು ಮೂರು ಬೆರಳು ಹಿಡಿದರು. ಎಷ್ಟು? ಅವಳು ಸುಮ್ಮನಿದ್ದಳು. ಇನ್ನೂ ಹತ್ತಿರ ತಂದರು. ಎಷ್ಟು? ಸುಮ್ಮನೇ. ಹೋಯಿತು, ಹೋಯಿತು ಎಂದುಕೊಂಡೆ. ಅಳುವನ್ನು ಹಲ್ಲು ಕಚ್ಚಿ ತಡೆದೆ. ಅವಳಿಗೆ ಕೇಳಿಸಬಾರದು ಎಂದು ಉಸಿರನ್ನೂ ಬಿಡಲಿಲ್ಲ. ನೀರು ಮಾತ್ರ ಕೆನ್ನೆಯ ಮೇಲೆ ಇಳಿಯಿತು.

ನಿಶ್ಮಿತಾ ಡಾಕ್ಟರ ಬೆರಳನ್ನು ನೋಡುತ್ತಿರಲಿಲ್ಲ. ಆ ಕೆಂಪು ಕಣ್ಣು ಅವರ ಕೈಯನ್ನು ದಾಟಿ ನನ್ನ ಕಡೆ ಹೊರಳಿತ್ತು.

"ಟೀಚರ್ ರಡತಾಯತ್," ಎಂದಳು. ಆಮೇಲೆ ಸ್ವಲ್ಪ ಹುಡುಕಿ, ಕನ್ನಡದಲ್ಲಿ, "ಟೀಚರ್ ಅಳ್ತಾ ಇದ್ದಾರೆ."